ರಕ್ತದ ಬೀಗ

ತನ್ನ ಶಿಷ್ಯೆಯರಿಬ್ಬರು ಒಬ್ಬರನ್ನೊಬ್ಬರು ಪ್ರೀತಿಸುತ್ತಿರುವುದು ತಿಳಿದು ರಕ್ತಮಾಂತ್ರಿಕ ಗುರು ಕೆಂಡಾಮಂಡಲವಾದ. ಕೇತಕಿಯನ್ನೂ ಬೊಮ್ಮಿಯನ್ನೂ ನೆಲಮಾಳಿಗೆಗೆ ತಳ್ಳಿ, ಅಲ್ಲೇ ನಿಂತು ಕತ್ತು ಕೆರೆದುಕೊಳ್ಳುತ್ತ ಒಂದು ಗಂಟೆ ಬುದ್ಧಿ ಹೇಳಿದ. "ನನ್ನ ರಕ್ತ ಸೋಕದೆ ಈ ಬಾಗಿಲು ತೆರೆಯಲ್ಲ. ಮಧ್ಯಾಹ್ನ ಬಂದು ಇಬ್ಬರನ್ನೂ ಕಲ್ಲು ಮಾಡ್ತೀನಿ" ಎಂದು ಬಾಗಿಲೆಳೆದುಕೊಂಡು ಹೋದ.

ಕೇತಕಿ ಬಾಗಿಲಿಗೆ ಬೆನ್ನು ಮಾಡಿ ನಿಂತಳು. "ಬೊಮ್ಮಿ, ಕೊನೇ ಸಲ ಒಂದು ಮುತ್ತು ಕೊಡೇ."

"ಸ್ವಲ್ಪ ಪಕ್ಕಕ್ಕೆ ಸರಿ."

"ಯಾಕೇ?"

"ನಿನ್ನ ಹಿಂದೆ ಬಾಗಿಲ ಮೇಲೆ ಸೊಳ್ಳೆ ಕೂತಿದೆ. ಹೊಟ್ಟೆ ಬಿರಿಯೋ ಹಾಗೆ ಕುಡಿದಿದೆ, ಹಾರೋಕೂ ಆಗ್ತಿಲ್ಲ ಅದಕ್ಕೆ."

"ಸಾಯೋ ಹೊತ್ತಲ್ಲೂ ನಿನಗೆ ನನಗಿಂತ ಸೊಳ್ಳೆ ಹೆಚ್ಚಾಯ್ತಾ?" ಎಂದು ಕೇತಕಿ ಮುಖ ಊದಿಸಿಕೊಂಡಳು.

ಬೊಮ್ಮಿ ಅಂಗೈ ಬೀಸಿ ಫಟ್ಟನೆ ಹೊಡೆದಳು. ಬಾಗಿಲು ತೆರೆದುಕೊಂಡಿತು.