ಸುಳ್ಳು ಹೇಳಿದ ಬೇವಿನ ಮರ

ನಲವತ್ತು ವರ್ಷ ಮರ ಕಡಿದು ಪಳಗಿದ ಫಕ್ಕೀರಸಾಬನ ಕಿವಿಗೇ ಸಿಗದ ಟೊಳ್ಳನ್ನು, ಕೊಡಲಿ ಹಿಡಿಯಲೂ ಬಾರದ ಪಡ್ಡೆಯೊಬ್ಬ ಹತ್ತು ಮಾರು ದೂರ ನಿಂತು, ಕೈ ಜೇಬಿನಲ್ಲಿಟ್ಟುಕೊಂಡೇ ಕಂಡುಹಿಡಿದ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಹಲಗೇರಿಗೆ ಬಂದು ಮಂಗಳವ್ವನ ಮನೆಯ ಹೆಂಚು ನೋಡಿ. ಒಂದೂ ಒಡೆದಿಲ್ಲ. ಅಷ್ಟೂ ಹೆಂಚು ಸೂರಿನ ಮೇಲೆ ಉಳಿದದ್ದು ನಮ್ಮ ಉಡಚಪ್ಪನ ಒಂದೇ ಒಂದು ಡೈಲಾಗಿನಿಂದ.

ಮಂಗಳವ್ವನ ಹಿತ್ತಲಿನ ಬೇವಿನ ಮರವನ್ನು ಮೂರು ಮಂದಿ ಕೈ ಕೂಡಿಸಿದರೂ ತಬ್ಬಲಾಗುತ್ತಿರಲಿಲ್ಲ. ಮೇಲೆ ಹಸಿರು, ಒಳಗೆ ಗೆದ್ದಲು. ಹೋದ ವಾರ ಗಾಳಿಯೇ ಇಲ್ಲದ ಹೊತ್ತಿನಲ್ಲಿ ಒಂದು ಕೊಂಬೆ ಕಳಚಿ ಎಮ್ಮೆಯ ಗೋದಲಿಯ ಮೇಲೆ ಬಿದ್ದಾಗ ಮುದುಕಿ ಹೆದರಿ, ಕರ್ಜಗಿಯಿಂದ ಫಕ್ಕೀರಸಾಬನನ್ನೂ ಅವನ ಮಗ ಜಹಾಂಗೀರನನ್ನೂ ಕರೆಸಿದ್ದಳು. ಮರದ ಒಂದು ಮಗ್ಗುಲಿಗೆ ಅವಳ ಮನೆ, ಇನ್ನೊಂದು ಮಗ್ಗುಲಿಗೆ ಖಾಲಿ ಕಣ. ಮರ ಕಣಕ್ಕೇ ಬೀಳಬೇಕು.

ಫಕ್ಕೀರಸಾಬ ಬಂದವನೇ ಕೊಡಲಿ ಹಾಕುವವನಲ್ಲ. ಕೊಡಲಿಯ ಹಿಂಬದಿಯಿಂದ ಬುಡದ ಸುತ್ತ ಗೇಣಿಗೊಂದು ಪೆಟ್ಟು ಕೊಟ್ಟು ಕಿವಿ ಹಚ್ಚಿ ಕೇಳುತ್ತ ಬಂದ. ಡಬ್ ಎಂದರೆ ಟೊಳ್ಳು, ಠಪ್ ಎಂದರೆ ಗಟ್ಟಿ. ಸುತ್ತಲೂ ಡಬ್ ಡಬ್ಬೇ. ಉರುವಲಿಗೆಂದು ಬುಡಕ್ಕೆ ಹತ್ತಿಕಟಿಗೆ ಒಟ್ಟಿದ್ದ ಕಡೆ ಮಾತ್ರ ಠಪ್ ಎಂದಿತು. ಅಲ್ಲಿ ಸುಣ್ಣದ ಗೆರೆ ಎಳೆದ. ಆ ಪಟ್ಟಿಯನ್ನು ಕೊನೆಯವರೆಗೂ ಕೊಯ್ಯದೆ ಬಿಟ್ಟರೆ, ಬಾಗಿಲ ತಿರುಗಣಿಯ ಹಾಗೆ ಅದೇ ಮರವನ್ನು ಹಿಡಿದು ಕಣಕ್ಕೆ ಮಲಗಿಸುತ್ತದೆ. ಆ ಪಟ್ಟಿಯೇ ಟೊಳ್ಳಾಗಿದ್ದರೆ ಮರ ಹೊರಳಿ ಮನೆಯ ಮೇಲೆಯೇ.

"ಹೆಂಚ ಹೊದಿಸಿ ಎರಡ ಮಳಿಗಾಲ ಆಗಿಲ್ಲೋ ಸಾಬಾ," ಎಂದಳು ಮಂಗಳವ್ವ. "ಮನೀ ಮ್ಯಾಲ ಬಿದ್ರ ನಾ ಎಲ್ಲಿಗೆ ಹೋಗ್ಲಿ?"

"ಮರದ ಮಾತ ಕೇಳೇನಿ ತಗೋ ಅವ್ವಾ. ಮನಶಾ ಸುಳ್ಳ ಹೇಳ್ಯಾನು, ಮರ ಹೇಳೂದಿಲ್ಲ."

ಅಪ್ಪ ಮಗ ರೊಟ್ಟಿ ತಿಂದು ಬಂದು, ಹಗ್ಗ ಕಟ್ಟಿ ಗರಗಸ ಹಚ್ಚುವ ಹೊತ್ತಿಗೆ ಬಂದ ನೆರೆಮನೆಯ ಉಡಚಪ್ಪ. ರಾಣೇಬೆನ್ನೂರಿನ ಟಾಕೀಸಿನಲ್ಲಿ ಒಂದೇ ಸಿನಿಮಾವನ್ನು ನಾಲ್ಕು ಸಲ ನೋಡಿ, ಮನೆಯಲ್ಲಿ ನೀರು ಕೇಳುವುದಕ್ಕೂ ಡೈಲಾಗು ಹೊಡೆಯುವ ಆಸಾಮಿ. ಅಂಗಿಯ ಬೆನ್ನೆಲ್ಲ ಕಂದು ಮಣ್ಣು. ಎಲ್ಲಿ ಹೊರಳಾಡಿ ಬಂದೆಯೋ ಎಂದು ಮಂಗಳವ್ವ ಬೈದಳು. ಅವನು ಬರೀ ಕೂದಲು ಹಿಂದಕ್ಕೆ ತೀಡಿಕೊಂಡ.

ಗರಗಸ ಒಂದು ಗೇಣು ಒಳಗೆ ಹೋಯಿತು. ಸುಣ್ಣದ ಗೆರೆ ಮಾತ್ರ ಮುಟ್ಟಬೇಡ, ಮರವನ್ನು ಹಿಡಿಯುವುದು ಅದೊಂದೇ ಎಂದು ಫಕ್ಕೀರಸಾಬ ಮಗನಿಗೆ ಹೇಳುತ್ತಿದ್ದ. ಉಡಚಪ್ಪ ಗೆರೆಯನ್ನು ನೋಡಿದ. ಹೆಂಚನ್ನು ನೋಡಿದ. ಜೇಬಿನಿಂದ ಒಂದು ಕೈ ತೆಗೆದು ಮೇಲೆತ್ತಿದ.

"ನಿಲ್ಲಸ್ರಿ ಗರಗಸಾ. ಆ ಗೆರಿ ಹಿಂದ ಕಟಿಗಿ ಇಲ್ಲ, ಬರೀ ಕತ್ತಲ ಐತಿ."

ಜಹಾಂಗೀರ ನಕ್ಕ. ಫಕ್ಕೀರಸಾಬ ನಗಲಿಲ್ಲ. ಹೋಗಿ ಗೆರೆಯ ಮೇಲೆ ಮತ್ತೊಂದು ಪೆಟ್ಟು ಕೊಟ್ಟ. ಡಬ್. ಅಲಗು ತಿರುಗಿಸಿ ಹೊಡೆದ. ಕೊಡಲಿ ಕಾವಿನ ತನಕ ಹೋಗಿ ಕೂತಿತು, ಕಿತ್ತಾಗ ಕಂದು ಪುಡಿ ಸುರಿಯಿತು. ಮುದುಕ ಗೆರೆ ಅಳಿಸಿ ಮತ್ತೆ ಮೊದಲಿನಿಂದ ಬಡಿದು ಕೇಳಿದ. ಮನೆ ಕಡೆಯ ಕೊಂಬೆಗಳನ್ನು ಒಂದೊಂದಾಗಿ ಇಳಿಸಿ, ಟೊಳ್ಳಿಗಿಂತ ಮೇಲೆ ಹೊಸದಾಗಿ ಕೊಯ್ದು, ಒಂದಿದ್ದ ಹಗ್ಗ ಎರಡು ಮಾಡಿದ. ಹೊತ್ತು ಇಳಿಯುವ ಮೊದಲು ಮರ ಕಣದಲ್ಲಿ ಉದ್ದಕ್ಕೆ ಮಲಗಿತ್ತು. ಹೆಂಚಿನ ಮೇಲೆ ಬಿದ್ದದ್ದು ನಾಲ್ಕು ಬೇವಿನೆಲೆ.

ಓಣಿಯ ಮಂದಿ ಉಡಚಪ್ಪನನ್ನು ಹೆಗಲ ಮೇಲೆ ಹೊರುವುದೊಂದು ಬಾಕಿ. ಮಂಗಳವ್ವ ಬಟ್ಟಲು ತುಂಬ ಅವಲಕ್ಕಿ ಹಚ್ಚಿಕೊಟ್ಟಳು. ಫಕ್ಕೀರಸಾಬ ಮಾತ್ರ ಬೊಡ್ಡೆಯ ಹತ್ತಿರ ಕೂತಿದ್ದ, ಬಸಿಯಲ್ಲಿ ಚಹಾ ಆರುತ್ತಿತ್ತು.

"ನಾಳಿಂದ ನೀ ನೋಡ್ಕೋ ಜಹಾಂಗೀರಾ," ಎಂದ. "ಮುಂಜಾನೆ ಗಟ್ಟಿ ಅಂದ ಮರ ಮಧ್ಯಾನ್ನ ಟೊಳ್ಳ ಅಂತು. ನನ್ನ ಕಿವಿ ಹೋತು."

ಕಥೆ ಇಲ್ಲಿಗೇ ಮುಗಿಸಿದ್ದರೆ ನಾಯಕನ ಮಾನ ಉಳಿಯುತ್ತಿತ್ತು. ಆದರೆ ಮುದುಕನ ಮಾತು ಕೇಳಿದ ಉಡಚಪ್ಪನ ಕೈ ಅವಲಕ್ಕಿಯ ಬಟ್ಟಲಲ್ಲೇ ನಿಂತಿತು, ಹಾಗಾಗಿ ನಡೆದದ್ದನ್ನು ಹೇಳಲೇಬೇಕು. ಆ ಮುಂಜಾನೆ ಹತ್ತಿಕಟಿಗೆ ಮರೆಮಾಡಿದ್ದ ಪೊಟರೆಯಿಂದ ಉಡಚಪ್ಪ ಮರದೊಳಗೆ ನುಸುಳಿದ್ದ. ಮರದ ದೆವ್ವದ ದನಿಯಲ್ಲಿ ಒಂದು ಡೈಲಾಗು ಬಿಟ್ಟು ಸಾಬನನ್ನು ಕರ್ಜಗಿಯವರೆಗೂ ಓಡಿಸುವ ಹಂಚಿಕೆ. ಕಿವಿಯ ಪಕ್ಕದಲ್ಲೇ ಕೊಡಲಿ ಬಡಿದಾಗ ಡೈಲಾಗೂ ಇಲ್ಲ, ದೆವ್ವವೂ ಇಲ್ಲ. ಕಣ್ಣು ಮುಚ್ಚಿ ಬೆನ್ನನ್ನು ಮರಕ್ಕೆ ಒತ್ತಿಕೊಂಡು, ಅಪ್ಪ ಮಗ ರೊಟ್ಟಿಗೆ ಹೋಗುವ ತನಕ ನಿಂತುಬಿಟ್ಟಿದ್ದ. ಠಪ್ ಎಂದದ್ದು ಆ ಬೆನ್ನು.

ಬಟ್ಟಲು ಕೆಳಗಿಟ್ಟು ಅವನು ಮುದುಕನ ಮುಂದೆ ಹೋಗಿ ನಿಂತ. ಈ ಸಲ ಕೈ ಜೇಬಿನಲ್ಲಿರಲಿಲ್ಲ.

"ಮರ ಸುಳ್ಳ ಹೇಳಿಲ್ರೀ ಕಾಕಾ. ಒಳಗ ನಾ ನಿಂತಿದ್ನಿ."

ಫಕ್ಕೀರಸಾಬ ಅವನ ಅಂಗಿಯ ಬೆನ್ನು ತಿರುಗಿಸಿ ನೋಡಿ, ಕಂದು ಪುಡಿಯನ್ನು ಬೆರಳಲ್ಲಿ ತಿಕ್ಕಿದ. ಕೆಳಗೆ ಕೂಡಲು ಸನ್ನೆ ಮಾಡಿದ. ಏಟು ಬೀಳುತ್ತದೆಂದು ಉಡಚಪ್ಪ ಕಣ್ಣು ಮುಚ್ಚಿ ಕೂತ. ಮುದುಕ ಬೆರಳು ಮಡಚಿ ಅವನ ತಲೆಯ ಮೇಲೆ ಎರಡು ಸಲ ಬಡಿದು, ಬಗ್ಗಿ ಕಿವಿ ಹಚ್ಚಿ ಕೇಳಿದ.

"ಟೊಳ್ಳ," ಎಂದ. ಬಸಿ ಎತ್ತಿ ಚಹಾ ಕುಡಿದು ಮುಗಿಸಿದ. "ಕಿವಿ ನೆಟ್ಟಗ ಐತಿ ಜಹಾಂಗೀರಾ. ನಾಳೆ ಕೊಡ್ಲಿ ನಾನ ಹಿಡಿತೇನಿ."