ವಯಸ್ಸಿನ ಕಾಲಂ

ಊಟದ ಹೊತ್ತಿಗೆ ಹೊಸ ಕೋಡ್ ಲೈವ್ ಆಯಿತು. ಪಕ್ಕದವರೆಲ್ಲ ತನ್ವಿಯ ಬೆನ್ನು ತಟ್ಟಿ ಊಟಕ್ಕೆ ಹೋದರು. ಎಲ್ಲ ಸರಿಯಾಗಿ ಕಾಣುತ್ತಿದೆಯೋ ಇಲ್ಲವೋ ನೋಡೋಣವೆಂದು ಅವಳು ಫೋನಿನಲ್ಲಿ ತನಗೆ ಬಾಯಿಪಾಠವಿದ್ದ ಪ್ರೊಫೈಲೊಂದನ್ನು ತೆರೆದಳು. ಅದು ಅವಳ ಅಕ್ಕ ಶಾಮಲಾಳದು. ವಯಸ್ಸು: ಮೂವತ್ತನಾಲ್ಕು. ಬೆಳಿಗ್ಗೆಯವರೆಗೂ ಅಲ್ಲಿ ಇಪ್ಪತ್ತೊಂಬತ್ತು ಇತ್ತು.

ಗಚ್ಚಿಬೌಲಿಯ ಆ ಕಂಪನಿ ನಡೆಸುವುದು ವಧೂವರರನ್ನು ಹುಡುಕಿಕೊಡುವ ಆಪ್. ಅದರ ಟೇಬಲಿನಲ್ಲಿ ಹುಟ್ಟಿದ ತಾರೀಖಿಗೆ ಒಂದು ಕಾಲಂ, ವಯಸ್ಸಿಗೆ ಇನ್ನೊಂದು. ಸೇರುವಾಗ ಟೈಪ್ ಮಾಡಿದ ವಯಸ್ಸು ವರ್ಷಗಳು ಉರುಳಿದರೂ ಇದ್ದಲ್ಲೇ ಕೂತಿರುತ್ತಿತ್ತು. ಬದಲಿಸುವ ದರ್ದಾದರೂ ಯಾರಿಗಿತ್ತು? ಇದೆಂಥ ಅಧ್ವಾನ ಎಂದು ಹಟ ಹಿಡಿದವಳು ತನ್ವಿಯೇ. ಡೇಟಾಬೇಸಿಗೆ ಹೋಗುವ ಪ್ರಶ್ನೆಯನ್ನು, ಅಂದರೆ ಕ್ವೆರಿಯನ್ನು, ತಾನೇ ಕಟ್ಟಿಕೊಡುವ ಓಆರ್‌ಎಂ ಎಂಬ ಸಾಧನ ಇರುವಾಗ ವಯಸ್ಸನ್ನು ಕೂಡಿಟ್ಟುಕೊಳ್ಳುವುದೇಕೆ? ಯಾರಾದರೂ ಕೇಳಿದ ಕ್ಷಣಕ್ಕೆ ಹುಟ್ಟಿದ ತಾರೀಖಿನಿಂದ ಲೆಕ್ಕ ಹಾಕಿ, ಆ ಲೆಕ್ಕವನ್ನೇ ಒಂದು ಕಾಲಮ್ಮಿನ ಹಾಗೆ ಕ್ವೆರಿಗೆ ಸೇರಿಸಿದರಾಯಿತು. ಹಾಗೇ ಸೇರಿಸಿದಳು. ಇಷ್ಟರಿಂದ ಇಷ್ಟರೊಳಗಿನ ವಯಸ್ಸು ಎಂದು ಸೋಸುವ ಕಡೆಗೂ ಅದನ್ನೇ ಜೋಡಿಸಿದಳು. ಅಕ್ಕನ ಪಕ್ಕದ ಇಪ್ಪತ್ತೊಂಬತ್ತನ್ನು ನೋಡಿ ನೋಡಿ ಕಣ್ಣಿಗೆ ಅದೇ ರೂಢಿಯಾಗಿತ್ತೇ ಹೊರತು, ಈ ಲೆಕ್ಕ ತನ್ನ ಮನೆಯವರೆಗೂ ಬರುತ್ತದೆಂದು ಜಾಣೆಗೆ ಹೊಳೆಯಲೇ ಇಲ್ಲ.

ಬರುವುದಾದರೂ ಇವತ್ತೇ ಬರಬೇಕೆ? ರಾಯಚೂರು ಬಿಟ್ಟು ಬಂದು ನೆಲೆ ನಿಂತ ಅವರ ನಾಚಾರಂ ಮನೆಗೆ, ಸಂಜೆ ಇದೇ ಆಪಿನಲ್ಲಿ ಸಿಕ್ಕ ವರ ಆನಂದಕುಮಾರನ ಕಡೆಯವರು ಮಾತು ಮುಗಿಸಲು ಬರುವವರಿದ್ದರು. ಬೇಗಂಪೇಟೆಯ ಹೋಟೆಲಿನಲ್ಲಿ ಅವನ ಜೊತೆ ಚಹಾ ಕುಡಿದು ಬಂದಾಗಿನಿಂದ ಅಕ್ಕ ತನ್ನಷ್ಟಕ್ಕೆ ತಾನೇ ಏನೋ ಗುನುಗುತ್ತಿದ್ದಳು. ಅವಳು ಹಾಗೆ ಗುನುಗಿ ಎಷ್ಟೋ ಕಾಲವಾಗಿತ್ತು. ಆನಂದಕುಮಾರನ ತಾಯಿಯೋ, ಹುಡುಗಿ ಮೂವತ್ತರ ಒಳಗಿರಬೇಕು ಎಂದು ಆಪಿನಲ್ಲಿ ಮಿತಿ ಹಾಕಿಸಿದವರು. ದಿನಕ್ಕೊಮ್ಮೆ ಅದನ್ನು ತೆರೆಯದಿದ್ದರೆ ಅವರಿಗೆ ಅನ್ನ ಸೇರುವುದಿಲ್ಲ. ಹೊರಡುವ ಮುಂಚೆ ತೆರೆದು ನೋಡಿದರೆ ಶಾಮಲಾ ಅಲ್ಲಿ ಇರುವುದೇ ಇಲ್ಲ.

ತನ್ವಿ ಎದ್ದಳು, ಕೂತಳು, ನೀರು ಕುಡಿಯಲೆಂದು ಹೋಗಿ ಕುಡಿಯದೆ ಬಂದಳು. ಕೊನೆಗೆ ಟೀಂ ಲೀಡ್ ಗೋಪಿನಾಥನ ಮುಂದೆ ನಿಂತು, ನಾಳೆಯವರೆಗೆ ಹಳೆಯ ಕೋಡನ್ನೇ ಹಾಕಿಡೋಣವೇ ಎಂದು ಕೇಳಿದಳು. ದೂರು ಬರಬಹುದು, ಹಾಗೆ ಹೀಗೆ ಎಂದು ಏನೇನೋ ತೊದಲಿದಳು. ಮೈಸೂರಿನ ಗೋಪಿನಾಥ ತಾಳ್ಮೆಯ ಮನುಷ್ಯ. ದೂರು ಆಗಲೇ ಶುರುವಾಗಿದೆ ಎಂದು ನಕ್ಕ.

"ನಮ್ಮ ವಯಸ್ಸು ಏರಿಸಿಬಿಟ್ರಿ ಅಂತ ಬೈತಿದ್ದಾರೆ ಕಣಮ್ಮ. ನಾವೇನು ಏರಿಸಿದ್ವಾ?"

ಹಳೆಯ ಕೋಡ್ ಮರಳುವುದಿಲ್ಲವೆಂದು ತಿಳಿದು ಅವಳು ತನ್ನ ಜಾಗಕ್ಕೆ ಬಂದಳು. ಉಳಿದದ್ದು ಒಂದೇ ದಾರಿ. ಲೆಕ್ಕದ ಆ ಕಾಲಮ್ಮಿಗೆ ಒಂದು ಷರತ್ತು ಸೇರಿಸುವುದು: ಈ ಒಂದು ಪ್ರೊಫೈಲಾದರೆ ತಾರೀಖು ನೋಡಬೇಡ, ಹಳೆಯ ಸಂಖ್ಯೆಯನ್ನೇ ಕೊಡು. ಬರೆದೂ ಬಿಟ್ಟಳು. ಕಳಿಸಲು ಮಾತ್ರ ಕೈ ಬರಲಿಲ್ಲ. ಯಾರದೋ ಮನೆಗೆ ಕನ್ನ ಹಾಕುವವಳ ಹಾಗೆ ಅತ್ತಿತ್ತ ನೋಡಿದಳು. ತಡೆಯಲಾರದೆ ಮೆಟ್ಟಿಲ ಹತ್ತಿರ ಹೋಗಿ ಅಕ್ಕನಿಗೆ ಫೋನ್ ಹಚ್ಚಿ, ಇದ್ದದ್ದನ್ನೆಲ್ಲ ಹೇಳಿಬಿಟ್ಟಳು.

ಬೈಗುಳ ಬೀಳುತ್ತದೆಂದುಕೊಂಡಿದ್ದಳು. ಬೀಳಲಿಲ್ಲ.

"ಅಲ್ಲೆ ಇಪ್ಪತ್ತೊಂಬತ್ತು ಅಂತ ಇತ್ತೇನು?" ಎಂದಳು ಶಾಮಲಾ.

"ಅವ್ವ ಹಾಕಿದ್ದು. ಆವಾಗ ಖರೇನ ಇತ್ತಲ್ಲಕ್ಕ."

"ನಾ ಅದನ್ನ ತಗದ ನೋಡಿಲ್ಲ. ಅವರು ನನ್ನ ಒಪ್ಪ್ಯಾರ ಅಂತ ತಿಳಕೊಂಡಿದ್ದೆ. ನನ್ನ ಒಪ್ಪ್ಯಾರೋ, ಆ ಇಪ್ಪತ್ತೊಂಬತ್ತನ್ನ ಒಪ್ಪ್ಯಾರೋ?"

ತನ್ವಿಗೆ ಅಳು ಬಂದುಬಿಟ್ಟಿತು. ಒಂದು ಸಾಲು ಬರೆದಿಟ್ಟಿದ್ದೇನೆ, ಕಳಿಸಿದರೆ ಮತ್ತೆ ಹಳೆಯದೇ ಕಾಣುತ್ತದೆ ಎಂದಳು. ತಡಿ, ಮೊದಲು ಆನಂದಕುಮಾರರನ್ನೇ ಕೇಳುತ್ತೇನೆ ಎಂದು ಶಾಮಲಾ ಫೋನ್ ಇಟ್ಟಳು. ತನ್ವಿ ನಾಲ್ಕು ಮೆಟ್ಟಿಲು ಇಳಿದಳು, ಮತ್ತೆ ಹತ್ತಿದಳು. ಅವನು ಬೇಡ ಅಂದರೆ? ಅಂದರೆ ಅಕ್ಕನಿಗೆ ಮುಖ ತೋರಿಸುವುದು ಹೇಗೆ? ಉಗುರು ಕಚ್ಚುತ್ತ ಫೋನನ್ನೇ ನೋಡುತ್ತ ನಿಂತಳು. ಅದು ಬಡಿದುಕೊಂಡದ್ದೇ ಎತ್ತಿದಳು.

"ಅವರಿಗೆ ಮೊದಲ ಗೊತ್ತಿತ್ತಂತ," ಎಂದಳು ಶಾಮಲಾ. "ಜಾತಕದಾಗ ತಾರೀಖು ಐತೆಲ್ಲ, ಲೆಕ್ಕ ಹಾಕಿ ನೋಡ್ಯಾರ. ವಯಸ್ಸಿಂದು ನನಗೇನೂ ಅಡ್ಡಿಯಿಲ್ಲ ಅಂದರು."

ತನ್ವಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ಗೋಡೆಗೆ ಒರಗಿದಳು. "ಮತ್ತೇನಕ್ಕ, ಎಲ್ಲಾ ಆತಲ್ಲ."

"ಅವರವ್ವ ಆಪ್ ಅಷ್ಟ ನೋಡ್ಯಾರ, ಅವರಿಗೆ ಗೊತ್ತಿಲ್ಲಂತ. ನಿಮ್ಮ ತಂಗಿಗೆ ಹೇಳಿ, ಲಗ್ನ ಆಗೋತನಕ ಹಳೇದ ತೋರಸಾಕ ಆಗ್ತೈತೇನು ಕೇಳ್ರಿ ಅಂದರು."

ಅವನು ಕೇಳಿದ್ದು ತನ್ವಿಯ ಕಂಪ್ಯೂಟರಿನಲ್ಲಿ ಬರೆದು ಸಿದ್ಧವಾಗಿತ್ತು. ಕಳಿಸುವುದೊಂದೇ ಬಾಕಿ.

"ನೀ ಏನಂದಿ?"

"ನಿಮ್ಮವ್ವಗ ನೀವ ಹೇಳ್ರಿ, ಹೇಳಿ ಕರಕೊಂಡು ಬರ್ರಿ ಅಂದೆ. ನೀ ಆ ಸಾಲು ಅಳಿಸಿಬಿಡು."

"ಬರತಾರೇನಕ್ಕ?"

ಅಡುಗೆಮನೆಯಿಂದ ಅವ್ವ, ಎಷ್ಟು ಮಂದಿ ಆಗತೀವಿ ಎಂದು ಕೂಗಿ ಕೇಳಿದ್ದು ತನ್ವಿಗೂ ಕೇಳಿಸಿತು. ಫೋನನ್ನು ಕಿವಿಯಿಂದ ತೆಗೆಯದೆಯೇ ಶಾಮಲಾ ಅವ್ವನಿಗೆ ಹೇಳಿದಳು:

"ನಮ್ಮ ಮೂರು ಮಂದಿಗಷ್ಟ ಅವಲಕ್ಕಿ ತೋಯಿಸಬೇ. ಅವರು ಬಂದರ ಮತ್ತ ಮಾಡಿದರಾತು."