ಜೇಡದ ಎಳೆ

ಮೇಷ್ಟ್ರು ಉದ್ದನೆಯ ಚರ್ಮದ ಚೀಲವನ್ನು ಗಾಜಿನ ಕೌಂಟರಿನ ಮೇಲಿಟ್ಟು, "ತಗೋ, ಇನ್ಮೇಲೆ ಇದು ನಿಂದು" ಎಂದಾಗ ಕನ್ನಡಕದಂಗಡಿಯವನು ಒರೆಸುತ್ತಿದ್ದ ಗಾಜನ್ನು ಕೆಳಗಿಟ್ಟ. ಚೀಲ ಬಿಚ್ಚಿ ನೋಡಬೇಕಾಗಿರಲಿಲ್ಲ. ಒಳಗಿರುವುದು ಮೊಳದುದ್ದದ ಹಿತ್ತಾಳೆಯ ದುರ್ಬೀನು. ಮೇಷ್ಟ್ರ ಹಳೆಯ ರೈಫಲ್ಲಿನ ಮೇಲೆ ಕೂರುವಂಥದ್ದು. ಒಂದು ಗುಂಡು ಹಾಕು, ಹೊಡಿ, ಮತ್ತೆ ಇನ್ನೊಂದು ಹಾಕು, ಅಂಥ ರೈಫಲ್ಲು ಅದು. ಎರಡು ತಿಂಗಳ ಹಿಂದೆ, ಒಳಗೆ ಧೂಳು ಸೇರಿದೆ ಎಂದು ದುರ್ಬೀನನ್ನು ಇವನ ಕೈಗೇ ಕೊಟ್ಟುಹೋಗಿದ್ದರು.

"ಯಾಕೆ ಮೇಷ್ಟ್ರೇ? ಭಾನುವಾರ ಕ್ಲಬ್ಬಲ್ಲಿ ಶೂಟಿಂಗ್ ಪಂದ್ಯ ಇತ್ತಲ್ಲ?"

"ಇತ್ತು. ಹೋಗಿದ್ದೆ. ಹತ್ತು ಗುಂಡಲ್ಲಿ ಏಳು ಗುರಿಹಲಗೆಯ ಕಪ್ಪು ಬೊಟ್ಟಿಂದ ಆಚೆ! ನಲವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ ಕಣೋ. ಪಕ್ಕದಲ್ಲಿದ್ದ ಹುಡುಗಿ 'ತಾತಾ, ನಾನು ಗುರಿ ನೋಡಿಕೊಡ್ಲಾ' ಅಂದ್ಲು."

"ಗಾಳಿ ಜಾಸ್ತಿ ಇತ್ತೇನೋ."

"ನೀನೂ ಶುರು ಹಚ್ಕೋಬೇಡ. ಕ್ಲಬ್ಬಲ್ಲಿ ಒಬ್ಬ ಗಾಳಿ ಅಂದ, ಇನ್ನೊಬ್ಬ ಗುಂಡು ಹಳೇದು ಅಂದ. ಮುದುಕನಿಗೆ ಬೇಜಾರಾಗ್ಬಾರ್ದು ಅಂತ. ಮುಖ ನೋಡ್ಕೊಂಡು ನಿಜ ಹೇಳಿದವನು ನೀನೊಬ್ಬನೇ. ಅದಕ್ಕೇ ಇದು ನಿಂಗೆ. ರೈಫಲ್ಲನ್ನ ನಾಳೆ ಬೆಳಿಗ್ಗೆ ಕ್ಲಬ್ಬಿಗೆ ಒಪ್ಪಿಸಿಬಿಡ್ತೀನಿ."

ನಿಜವಂತೆ! ಅವತ್ತು ಕೊಡುವಾಗಲೇ ಮೇಷ್ಟ್ರು ಎಚ್ಚರಿಸಿದ್ದರು. ಒಳಗೆ ಗುರಿ ನೋಡಲು ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆಯಿದೆಯಲ್ಲ, ಅದು ಜೇಡದ ಎಳೆ, ಆಗಿನ ಕಾಲದವರು ಹಾಗೇ ಕಟ್ಟುತ್ತಿದ್ದರು, ಹುಷಾರು ಎಂದು. "ನಂಗೇ ಹೇಳ್ತೀರಾ ಮೇಷ್ಟ್ರೇ" ಎಂದು ಇವನು ನಕ್ಕಿದ್ದ. ಆದರೆ ದಿನಕ್ಕೆ ಐವತ್ತು ಕನ್ನಡಕ ಊದಿ ಒರೆಸುವ ಬಾಯಿ. ದುರ್ಬೀನು ಬಿಚ್ಚಿ ಗಾಜು ಮುಖದ ಹತ್ತಿರ ತಂದದ್ದೇ ತಡ, ಉಫ್ ಎಂದುಬಿಟ್ಟಿತು. ಎರಡೂ ಎಳೆ ಮಾಯ. ಜೇಡ ಹುಡುಕಿಕೊಂಡು ಮನೆಯ ಮೂಲೆ ಮೂಲೆ ತಡಕಾಡಿದ. ಹೆಂಡತಿ ಹಿಂದಿನ ದಿನವಷ್ಟೇ ಬಲೆಯನ್ನೆಲ್ಲ ಗುಡಿಸಿ ಎಸೆದಿದ್ದಳು. ಕೊನೆಗೆ ಅವಳ ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನೇ ಎರಡು ತುಂಡು ಮಾಡಿ ಅಂಟಿಸಿದ.

"ಗೆರೆ ದಪ್ಪ ಕಾಣುತ್ತಲ್ಲೋ, ಕಪ್ಪು ಬೊಟ್ಟೇ ಮುಚ್ಚಿಹೋಗುತ್ತೆ" ಎಂದು ಮೇಷ್ಟ್ರು ಅದನ್ನು ಒಯ್ದ ಮರುದಿನವೇ ಬಂದಿದ್ದರು. ಆಗ ಒಂದೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಇವನು ಹೇಳಿದ್ದು ಬೇರೆ ಮಾತು: "ಗೆರೆ ಅಲ್ಲ ಮೇಷ್ಟ್ರೇ, ಕಣ್ಣಿಗೆ ವಯಸ್ಸಾಯ್ತು." ಸಾಲದ್ದಕ್ಕೆ, ನಂಬಿಕೆ ಬರಲಿ ಎಂದು ಬೇಡದ ಕನ್ನಡಕವೊಂದನ್ನು ಮೂಗಿಗೇರಿಸಿ ಕಳಿಸಿದ್ದ. ಅದನ್ನು ಹಾಕಿಕೊಂಡ ಮೇಲೆ ದೂರದ್ದೆಲ್ಲ ಮಸುಕಾಯಿತು. ಕಣ್ಣು ಇನ್ನಷ್ಟು ಕೆಟ್ಟಿತು ಎಂದು ಮೇಷ್ಟ್ರು ನಂಬಿದರು, ಪಾಪ.

"ನನ್ನ ಮಗಳಿಗೆ ನಿನ್ನ ಮಾತು ಹೇಳಿದ್ದೇ ತಪ್ಪಾಯ್ತು ನೋಡು" ಎಂದು ಮೇಷ್ಟ್ರು ಸ್ಟೂಲಿನ ಮೇಲೆ ಕೂತರು. "ನನ್ನ ಸೈಕಲ್ ಮಾರಿಬಿಟ್ಲು. ಮೊಮ್ಮಗಳನ್ನ ಶಾಲೆಗೆ ಬಿಡೋಕೆ ನೀವು ಹೋಗ್ಬೇಡಿ, ರಸ್ತೆ ದಾಟೋವಾಗ ಹೆಚ್ಚುಕಮ್ಮಿ ಆದ್ರೆ ಅಂತಾಳೆ. ಈಗ ವ್ಯಾನ್ ಬರುತ್ತೆ. ಆ ಮಗು ಕಿಟಕೀಲಿ ಕೈ ಬೀಸುತ್ತಂತೆ, ನಂಗೆ ಅದೂ ಕಾಣಲ್ಲ. ಮಗಳದ್ದೇನೂ ತಪ್ಪಿಲ್ಲ ಬಿಡು."

ಅಂಗಡಿಯವನು ಚೀಲವನ್ನು ಮೇಷ್ಟ್ರ ಕಡೆಗೇ ಸರಿಸಿದ. ಥೂ, ನಾನೆಂಥ ಮನುಷ್ಯ ಎನಿಸಿತು.

"ಮೇಷ್ಟ್ರೇ, ಅದು ಕೂದಲು."

"ಯಾವುದು?"

"ಒಳಗಿರೋದು. ಜೇಡದ ಎಳೆ ನಾನು ಊದಿ ಕಳೆದುಬಿಟ್ಟೆ. ಕೂದಲು ಅಂಟಿಸ್ದೆ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಈ ಕನ್ನಡಕಾನೂ ಸುಳ್ಳು."

ಮೇಷ್ಟ್ರು ಚೀಲವನ್ನೊಮ್ಮೆ ನೋಡಿದರು. ಆಮೇಲೆ, "ಯಾರ ಕೂದಲು?" ಎಂದರು.

"ನನ್ನ ಹೆಂಡ್ತೀದು."

ಕೆನ್ನೆಗೊಂದು ಬೀಳುತ್ತದೆ ಎಂದು ಇವನು ಕಾದ. ಬಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮೇಷ್ಟ್ರು ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟರು. ಎದ್ದು ಬಾಗಿಲಿಗೆ ಹೋಗಿ, ರಸ್ತೆಯಾಚೆಯ ಔಷಧಿ ಅಂಗಡಿಯ ಬೋರ್ಡಿನ ತುದಿಯಲ್ಲಿದ್ದ ಸಣ್ಣ ಅಕ್ಷರಗಳನ್ನು ದೊಡ್ಡ ದನಿಯಲ್ಲಿ ಓದಿದರು. "ಭಾನುವಾರ ಅರ್ಧ ದಿನ ಮಾತ್ರ." ಮತ್ತೊಮ್ಮೆ ಓದಿದರು. ತಿರುಗಿದಾಗ ಮುಖದಲ್ಲಿ ಸಿಟ್ಟೇ ಇರಲಿಲ್ಲ, ಹುಡುಗರ ಹಾಗೆ ನಗುತ್ತಿದ್ದರು. "ಕಾಣುತ್ತೆ ಕಣೋ! ಎಲ್ಲಾ ಕಾಣುತ್ತೆ!"

ಹಾಗೆನ್ನುತ್ತಲೇ ಜೇಬಿನಿಂದ ಫೋನು ತೆಗೆದು ಒತ್ತಿದರು. "ಮಗಳಿಗೆ ನೀನೇ ಹೇಳು. ನಾನು ಹೇಳಿದ್ರೆ, ರೈಫಲ್ ಬಿಡೋಕಾಗ್ದೆ ಸುಳ್ಳು ಹೇಳ್ತಿದೀರಾ ಅಂತಾಳೆ. ನಿನ್ನ ಮಾತಂದ್ರೆ ಅವಳಿಗೆ ಪೂರ್ತಿ ನಂಬಿಕೆ."

ಬೇಡವೆನ್ನುವಷ್ಟರಲ್ಲಿ ಫೋನು ಇವನ ಕೈಯಲ್ಲಿತ್ತು. "ಹಲೋ, ನಾನು, ಕನ್ನಡಕದಂಗಡಿಯವನು" ಎಂದದ್ದೇ ಅತ್ತಲಿಂದ ಮಗಳ ದನಿ ಕೇಳಿಸಿತು.

"ಅಣ್ಣಾ ನೀವಾ? ಅಪ್ಪ ಅಲ್ಲಿಗೂ ಬಂದು ತಲೆ ತಿಂತಿದ್ದಾರಾ? ಏನೂ ಅಂದ್ಕೋಬೇಡಿ. ನೀವು ಅವತ್ತು ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರಿ, ನಮ್ಮ ಮಗು ಉಳೀತು. ನಿಮ್ಮ ಉಪಕಾರ ಯಾವತ್ತೂ ಮರೆಯಲ್ಲ ಅಣ್ಣಾ."

ಕೌಂಟರಿನಾಚೆ ಮೇಷ್ಟ್ರು, ಕನ್ನಡಕವಿಲ್ಲದ ಕಣ್ಣರಳಿಸಿ, ಹೇಳು ಹೇಳು ಎಂದು ತಲೆಯಾಡಿಸುತ್ತಿದ್ದರು.